ಹೊಸ ಬಸ್ಸಿನ ನೀಲಿ ಹೊಗೆ

೧೯೩೮ನೆಯ ಇಸವಿಯಲ್ಲಿ ನಾನು ಕೋಲಾರದ ಒಂದು ಖಾಸಗಿ ಬಸ್ ಸರ್ವಿಸ್ಸಿನಲ್ಲಿ ವರ್ಕ್‌ಷಾಪ್ ಮೇಸ್ತ್ರಿಯಾಗಿದ್ದೆ. ಹುಟ್ಟಿದ್ದು ಮಾಲೂರು ತಾಲ್ಲೂಕಿನ ಹಳ್ಳಿಯಲ್ಲಿ. ಬೆಂಗಳೂರಿನಲ್ಲಿ ಮೆಕ್ಯಾನಿಕ್ ಕೆಲಸ ಕಲಿತು, ಮದುವೆಯಾದ ವರ್ಷವೇ ಕೋಲಾರಕ್ಕೆ ಬಂದು ಸೇರಿಕೊಂಡವನು. ನಮ್ಮ ಸರ್ವಿಸ್ಸಿಗೆ ನಾಲ್ಕು ಹಳೆಯ ಪೆಟ್ರೋಲ್ ಬಸ್ಸುಗಳಿದ್ದವು. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಈ ಮೂರು ಕಡೆಗೆ ಅವು ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದಕ್ಕಿಂತ ನಾನು ಓಡಿಸುತ್ತಿದ್ದೆ ಎಂದರೆ ಸರಿಯಾದೀತು. ಯಾವ ಬಸ್ಸಿನ ಎಂಜಿನ್ ಎಬ್ಬಿಸಲು ಬೆಳಿಗ್ಗೆ ಎಷ್ಟು ಸಲ ಹ್ಯಾಂಡಲ್ ಹೊಡೆಯಬೇಕು, ಯಾವುದರ ಕಾರ್ಬುರೇಟರ್ ಮೇಲೆ ಬಿಸಿನೀರಿನ ಬಟ್ಟೆ ಹಾಕಬೇಕು, ಯಾವುದನ್ನು ಇಳಿಜಾರಿನಲ್ಲಿ ನಿಲ್ಲಿಸಿದರೆ ಮಾತ್ರ ಮರುದಿನ ಹೊರಡುತ್ತದೆ ಎನ್ನುವುದೆಲ್ಲ ನನ್ನ ಕೈಗೇ ಗೊತ್ತಿತ್ತು.

ಆ ವರ್ಷ ಸುಗ್ಗಿಗೆ ಮುಂಚೆ ನಮ್ಮ ಯಜಮಾನರು ಹೊಸ ಬಸ್ಸೊಂದನ್ನು ತರಿಸಿದರು. ಯಜಮಾನರ ಹೆಸರು ಮುನಿಶಾಮಪ್ಪ. ಕಡಲೆಕಾಯಿ ಮಂಡಿಯಿಂದ ಮೇಲೆ ಬಂದವರು. ಮನೆಯಲ್ಲಿ ತೆಲುಗು, ಮಂಡಿಯಲ್ಲಿ ಕನ್ನಡ, ಕೋಪ ಬಂದಾಗ ಎರಡೂ. ಹೊಸ ಬಸ್ಸು ಆರು ಸಿಲಿಂಡರಿನದು. ಹ್ಯಾಂಡಲ್ ತಿರುಗಿಸುವ ಕಷ್ಟವಿಲ್ಲ, ಡ್ರೈವರ್ ಕೂತಲ್ಲೇ ಗುಂಡಿ ಒತ್ತಿದರೆ ಎಂಜಿನ್ ಹತ್ತಿಕೊಳ್ಳುತ್ತಿತ್ತು. ಅದನ್ನು ಮದರಾಸಿನಿಂದ ಓಡಿಸಿಕೊಂಡು ಬಂದವನನ್ನು ನೋಡಿದ ಕೂಡಲೇ ಗುರುತಿಸಿದೆ. ಅವನು ಸೀತಾರಾಮು. ಬೆಂಗಳೂರಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಅರ ಹಿಡಿದು ಕಬ್ಬಿಣ ಉಜ್ಜಿದವನು. ಅವನ ಕೈಯೂ ಚೆನ್ನಾಗಿತ್ತು, ತಲೆಯೂ ಚೆನ್ನಾಗಿತ್ತು. ಅಲ್ಲಿಂದ ನಾನು ಕೋಲಾರಕ್ಕೆ ಬಂದೆ, ಅವನು ಮದರಾಸಿಗೆ ಹೋಗಿ ಹೊಸ ಗಾಡಿಗಳ ಕೆಲಸ ಕಲಿತ.

ಯಜಮಾನರು ನನ್ನನ್ನು ಕರೆದು ಹೇಳಿದ್ದು ಇಷ್ಟೇ: "ನಂಜುಂಡಪ್ಪ, ಈ ಗಾಡಿ ಓಡ್ಸೋದೂ ಸೀತಾರಾಮುನೇ, ನೋಡ್ಕೊಳ್ಳೋದೂ ಸೀತಾರಾಮುನೇ. ನೀನು ಹಳೇವು ನೋಡ್ಕೊಂಡಿರು."

ಹಳೇವು. ಆ ಮಾತು ಊಟದಲ್ಲಿ ಸಿಕ್ಕ ಕಲ್ಲಿನ ಹಾಗೆ ಹಲ್ಲಿಗೆ ಸಿಕ್ಕಿತು.

ಹೊಸ ಬಸ್ಸನ್ನು ಶ್ರೀನಿವಾಸಪುರದ ಲೈನಿಗೆ ಹಾಕಿದರು. ಆ ಲೈನಿನ ಡ್ರೈವರ್ ಹುಸೇನ್ ಸಾಬರು. ನಮ್ಮ ಸರ್ವಿಸ್ಸಿನ ಮೊದಲ ಬಸ್ಸಿನಿಂದ ಇದ್ದವರು, ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. ಹೊಸ ಗಾಡಿ ಬಂದರೆ ಅದು ತಮಗೇ ಎಂದು ಅವರು ಎಷ್ಟೋ ತಿಂಗಳಿಂದ ನಂಬಿಕೊಂಡಿದ್ದರು. ಬಸ್ಸು ಬಂದ ದಿನ ಹೊಸ ಟೋಪಿ ಹಾಕಿಕೊಂಡು ಬಂದಿದ್ದರು. ಅವರನ್ನು ಹಳೆಯ ಬಸ್ಸಿನ ಜೊತೆ ಮುಳಬಾಗಿಲಿನ ಲೈನಿಗೆ ಕಳಿಸಿದರು. ಮರುದಿನ ಹಳೆಯ ಟೋಪಿಯಲ್ಲೇ ಬಂದರು.

ಶ್ರೀನಿವಾಸಪುರ ನನ್ನ ಹೆಂಡತಿ ಕಮಲಮ್ಮನ ತವರು. ಅವಳು ತಂಗಿಯ ಸೀಮಂತಕ್ಕೆಂದು ಹೊಸ ಬಸ್ಸಿನಲ್ಲೇ ಹೋಗಿ, ಹೊಸ ಬಸ್ಸಿನಲ್ಲೇ ಬಂದಳು. ಬಂದವಳು ಚೀಲ ಕೆಳಗಿಡುವ ಮೊದಲೇ ಶುರುಮಾಡಿದಳು.

"ಏನ್ರೀ, ಆ ಬಸ್ಸಲ್ಲಿ ಕೂತ್ರೆ ತೊಟ್ಲಲ್ಲಿ ಕೂತಂಗೇ ಆಯ್ತದೆ. ಒಂದು ಕುಲುಕಿಲ್ಲ, ಒಂದು ವಾಸನೆ ಇಲ್ಲ. ನಿಮ್ ಸ್ನೇಹಿತ್ರಂತೆ ಅವ್ರು? ಎಷ್ಟು ಚೆನ್ನಾಗಿ ಓಡಿಸ್ತಾರೆ! ನಮ್ಮಪ್ಪ ಅಂತೂ ಇನ್ಮೇಲೆ ಬೇರೆ ಬಸ್ ಹತ್ತಲ್ಲ ಅಂದ್ಬಿಟ್ರು."

"ಅಷ್ಟು ದಿನ ನಿಮ್ಮಪ್ಪನ್ನ ಹೊತ್ತು ತಂದಿದ್ದು ನನ್ನ ಬಸ್ಸೇ," ಎಂದೆ.

"ಅದ್ಕೇ ಅವ್ರಿಗೆ ಸೊಂಟ ನೋವು," ಎಂದು ಅವಳು ನಕ್ಕುಬಿಟ್ಟಳು. ನನಗೆ ಆ ರಾತ್ರಿಯ ಅವರೆಕಾಳಿನ ಸಾರು ರುಚಿಸಲಿಲ್ಲ.

ಹೊಟ್ಟೆಕಿಚ್ಚು ಎನ್ನುವುದು ಒಂದೇ ಕಡೆಯಿಂದ ಬರುವುದಿಲ್ಲ. ಸೀತಾರಾಮುವಿಗೆ ಯಜಮಾನರ ಮನೆಯ ಜಗಲಿಯಲ್ಲಿ ಎಲೆ ಹಾಕುತ್ತಿದ್ದರು, ನನಗೆ ಎಂದೂ ಹಾಕಿರಲಿಲ್ಲ. ಶ್ರೀನಿವಾಸಪುರದಲ್ಲಿ ಬಸ್ಸು ನಿಂತರೆ ಜನ ಸುತ್ತ ನೆರೆದು ಗಾಜು ಮುಟ್ಟಿ ನೋಡುತ್ತಿದ್ದರು. ಅವನು ಬಾನೆಟ್ಟಿಗೆ ಚಿಕ್ಕದೊಂದು ಬೀಗ ಹಾಕಿಕೊಂಡಿದ್ದ. ಶೆಡ್ಡಿನಲ್ಲಿ ಬಸ್ಸನ್ನು ತಾನೇ ಒರೆಸುತ್ತಿದ್ದ, ನೀರು ತಾನೇ ಹಾಕುತ್ತಿದ್ದ. ಒಂದು ದಿನ ನಾನು ಸುಮ್ಮನೆ ಹತ್ತಿರ ಹೋದೆ. ಅವನು ಬಾನೆಟ್ಟನ್ನು ಮೆಲ್ಲಗೆ ಇಳಿಸಿ, "ಏನಿಲ್ಲ ಕಣೋ, ಧೂಳು ಒರೆಸ್ತಿದ್ದೆ," ಎಂದ. ಒಂದೇ ಬೆಂಚಿನಲ್ಲಿ ಕೂತು ಕಲಿತವನಿಂದ ಎಂಜಿನ್ ಬಚ್ಚಿಡುವುದೇ? ಅವನಿಗೂ ನನ್ನ ಬಗ್ಗೆ ಒಳಗೊಳಗೇ ಏನೋ ಕುದಿಯುತ್ತಿತ್ತು ಎಂದು ನನಗೆ ಆಗ ಹೊಳೆಯಲಿಲ್ಲ.

ಚಳಿ ಏರಿದ ಮೇಲೆ ಹೊಸ ಬಸ್ಸಿಗೆ ಕಾಯಿಲೆ ಕಾಣಿಸಿಕೊಂಡಿತು. ಅಂತರಗಂಗೆ ಬೆಟ್ಟದ ಕಡೆಯಿಂದ ಗಾಳಿ ಬೀಸುವ ಒಂದು ಬೆಳಿಗ್ಗೆ ಸೀತಾರಾಮು ಗುಂಡಿ ಒತ್ತಿದ. ಎಂಜಿನ್ ಗರಗರ ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೆ ಒತ್ತಿದ, ಮತ್ತೆ ಗರಗರ. ಕೊನೆಗೆ ಎದ್ದಾಗ ಹಿಂದಿನ ಸೈಲೆನ್ಸರಿನಿಂದ ನೀಲಿ ಬೆರೆತ ಕಪ್ಪು ಹೊಗೆ ಬಂದು ಶೆಡ್ಡೆಲ್ಲ ತುಂಬಿತು. ಎದುರಿನ ಹಳೆಯ ಬಸ್ಸಿಗೆ ನಾನು ಒಂದೇ ಹ್ಯಾಂಡಲ್ ಹೊಡೆದೆ, ಅದು ಎದ್ದು ಕೂತಿತು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಹ್ಯಾಂಡಲ್ ಹೊಡೆದಿರಲಿಲ್ಲ.

ದಿನದಿಂದ ದಿನಕ್ಕೆ ಕಾಯಿಲೆ ಹೆಚ್ಚಿತು. ಗುಂಡಿ ಒತ್ತಿ ಒತ್ತಿ ಬ್ಯಾಟರಿ ಇಳಿದುಹೋಗಿ, ತೊಟ್ಟಿಲಿನಂಥ ಬಸ್ಸನ್ನು ಪ್ರಯಾಣಿಕರೇ ಇಳಿದು ತಳ್ಳುವ ಹಾಗಾಯಿತು. ಏರಿನಲ್ಲಿ ಉಸಿರು ಕಟ್ಟಿದಂತೆ ಎಳೆಯುತ್ತಿತ್ತು. ಹಿಂದೆ ಬರುವ ಗಾಡಿ ಎತ್ತುಗಳು ಹೊಗೆಗೆ ಬೆದರಿ ಹಳ್ಳಕ್ಕೆ ಇಳಿಯುತ್ತಿದ್ದವು. ಶ್ರೀನಿವಾಸಪುರದ ಲೈನಿನ ಮೇಲೆ ಕಣ್ಣಿಟ್ಟಿದ್ದ ಇನ್ನೊಂದು ಸರ್ವಿಸ್ಸಿನವರು ನಮ್ಮ ಬಸ್ಸು ನಿಂತಲ್ಲೆಲ್ಲ ತಮ್ಮ ಬಸ್ಸು ತಂದು ನಿಲ್ಲಿಸಿ ಜನರನ್ನು ಹತ್ತಿಸಿಕೊಂಡರು. ಲೈನು ಕೈಬಿಟ್ಟುಹೋಗುವ ಭಯ ಯಜಮಾನರಿಗೆ ಹಿಡಿಯಿತು.

ಸೀತಾರಾಮು ಪ್ಲಗ್ ಬದಲಿಸಿದ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ ಊದಿ ಜೋಡಿಸಿದ. ಕಿಡಿ ಬರುವ ಹೊತ್ತನ್ನು ಹಿಂದೆ ಮುಂದೆ ಮಾಡಿ ನೋಡಿದ. ಒಂದು ದಿನ ಚೆನ್ನಾಗಿದ್ದಂತೆ ಕಂಡು ಮತ್ತೆ ಅದೇ ಕಥೆ. ಅವನ ಮುಖ ಸಣ್ಣಗಾಗುತ್ತ ಬಂತು. ನಾನು ನೋಡುತ್ತಿದ್ದೆ. ಅವನು ಕೇಳಲಿಲ್ಲ, ನಾನೂ ಹೋಗಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಯಜಮಾನರು ಶೆಡ್ಡಿಗೆ ಬಂದರು. ಸೀತಾರಾಮು ಅವರೆದುರು ನಿಂತು ಹೇಳಿದ: "ಯಜಮಾನ್ರೇ, ಗಾಡೀಲಿ ದೋಷ ಇಲ್ಲ. ಯಾರೋ ಪೆಟ್ರೋಲ್ ಟ್ಯಾಂಕಿಗೆ ಏನೋ ಬೆರೆಸ್ತಿದಾರೆ. ಹರಳೆಣ್ಣೆನೋ ಸೀಮೆಎಣ್ಣೆನೋ ಗೊತ್ತಿಲ್ಲ."

"ಯಾರು?"

ಸೀತಾರಾಮು ಬಾಗಿಲ ಕಡೆ ನೋಡಿ, "ಸಂಜೆ ಹೊತ್ನಲ್ಲಿ ಹುಸೇನ್ ಸಾಬ್ರು ಗಾಡಿ ಹತ್ರ ಓಡಾಡಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಒಂದ್ಸಲ ಅಲ್ಲ," ಎಂದ.

ಹುಸೇನ್ ಸಾಬರು ಅಲ್ಲೇ ಬಾಗಿಲ ಬಳಿ ನಿಂತು ಬೀಡಿ ಹಚ್ಚುತ್ತಿದ್ದರು. ಬೀಡಿ ಕೆಳಗೆ ಹಾಕಿ ತುಳಿದು ಒಳಗೆ ಬಂದರು.

"ಏಮಿ ಸಾಬ್, ನಿಜಾನಾ?" ಯಜಮಾನರು ಕೇಳಿದರು.

"ಬಂದಿದ್ದು ನಿಜ," ಎಂದರು ಹುಸೇನ್ ಸಾಬರು.

"ಯಾತಕ್ಕೆ?"

ಸಾಬರ ಕಣ್ಣು ನೆಲ ನೋಡಿತು. "ಡ್ರೈವರ್ ಸೀಟ್ ಮೇಲೆ ಕೂತ್ಕೊಳ್ಳಕ್ಕೆ. ಸ್ಟೇರಿಂಗ್ ಹಿಡ್ಕೊಂಡು ಒಂದು ಗಳಿಗೆ ಕೂತಿದ್ದು ಎದ್ದು ಹೋಗ್ತಿದ್ದೆ. ಹೊಟ್ಟೆ ಉರೀತಿತ್ತು ಯಜಮಾನ್ರೇ, ಸುಳ್ಳು ಹೇಳಲ್ಲ. ಈ ಹುಡ್ಗನ್ನ ನೋಡಿದ್ರೆ ಉರೀತಿತ್ತು. ಆದ್ರೆ ಗಾಡಿ ಏನ್ ಮಾಡಿತ್ತು ನಂಗೆ? ಗಾಡಿ ಬಾಯಿಗೆ ಯಾವನಾದ್ರೂ ಡ್ರೈವರ್ ವಿಷ ಹಾಕ್ತಾನಾ?"

ಯಜಮಾನರು ನಂಬಲಿಲ್ಲ. ಹೊಟ್ಟೆ ಉರಿಯುತ್ತಿತ್ತು ಎಂದು ಒಪ್ಪಿಕೊಂಡವನ ಮುಂದಿನ ಮಾತನ್ನು ಯಾರು ಕೇಳುತ್ತಾರೆ? ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದುಬಿಟ್ಟರು. ನಂತರ ನನ್ನ ಕಡೆ ತಿರುಗಿದರು.

"ನಂಜುಂಡಪ್ಪ, ನೀನೂ ಒಂದ್ಸಲ ನೋಡು. ಎಂಜಿನ್ ಒಳಗೇ ಕೆಟ್ಟಿದ್ರೆ ಅದನ್ನೂ ಹೇಳು. ಈ ಸೀತಾರಾಮುನೇ ಕೆಡಿಸಿದ್ರೆ ನಾಳೆಯಿಂದ ಈ ಗಾಡಿ ನಿಂದು. ಸಾಯಂಕಾಲ ಬರ್ತೀನಿ."

ಅವರು ಹೋದರು. ಶೆಡ್ಡಿನಲ್ಲಿ ಉಳಿದವರು ಮೂವರು. ಸಾಬರು ಮೂಲೆಯ ಮರದ ಪೆಟ್ಟಿಗೆಯ ಮೇಲೆ ಕೂತರು. ಸೀತಾರಾಮು ಬಾನೆಟ್ಟಿನ ಬೀಗದ ಕೈಯನ್ನು ನನ್ನ ಕಡೆ ಚಾಚಿದ. ಅದು ಬೆಚ್ಚಗಿತ್ತು. ಅಷ್ಟು ಹೊತ್ತು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದನೆಂದು ಕಾಣುತ್ತದೆ.

ಮೋಟಾರು ಕೆಲಸ ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ಪೆಟ್ರೋಲ್ ಎಂಜಿನ್ನಿನ ಹೊಗೆಗೆ ಬಣ್ಣವುಂಟು. ಹೊಗೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಬೆಳ್ಳಗಿದ್ದು ನಿಲ್ಲದೆ ಬರುತ್ತಿದ್ದರೆ ಒಳಗೆ ನೀರು ಸೇರುತ್ತಿದೆ. ನೀಲಿಯಾಗಿದ್ದರೆ ಎಣ್ಣೆ ಸುಡುತ್ತಿದೆ. ಎಂಜಿನ್ನಿನ ತಳದ ತೊಟ್ಟಿಯಲ್ಲಿ ಎಣ್ಣೆ ಇರುತ್ತದೆ. ಮೇಲೆ ಪೆಟ್ರೋಲ್ ಉರಿಯುವ ಜಾಗಕ್ಕೆ ಅದು ನುಗ್ಗದಂತೆ ಪಿಸ್ಟನ್ನಿನ ಸುತ್ತ ಉಕ್ಕಿನ ರಿಂಗುಗಳಿರುತ್ತವೆ. ರಿಂಗು ಸವೆದರೆ ಎಣ್ಣೆ ಮೇಲೆ ಬರುತ್ತದೆ, ಹೊಗೆ ನೀಲಿಯಾಗುತ್ತದೆ, ಒತ್ತಡ ಸೋರಿಹೋಗಿ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ಹೊಸ ಎಂಜಿನ್ನನ್ನು ಮೊದಲ ಕೆಲವು ನೂರು ಮೈಲಿ ಹದವಾಗಿ ಓಡಿಸಬೇಕು. ದುಡುಕಿ ಓಡಿಸಿದರೆ ರಿಂಗು ಹಾಳಾಗುತ್ತದೆ. ಮದರಾಸಿನಿಂದ ಇಲ್ಲಿಯವರೆಗೆ ಓಡಿಸಿಕೊಂಡು ಬಂದವನು ಸೀತಾರಾಮು. ರಿಂಗು ಹೋಗಿದ್ದರೆ ತಪ್ಪು ನೇರವಾಗಿ ಅವನದೇ.

ನೀಲಿ ಹೊಗೆ ಕಂಡ ಮೊದಲ ದಿನದಿಂದ ನಾನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದುದು ಒಂದೇ ಮಾತು: ರಿಂಗು. ಅದು ರಿಂಗೇ ಆಗಿರಲಿ.

ಮೊದಲು ಪೆಟ್ರೋಲನ್ನು ನೋಡಿದೆ. ಟ್ಯಾಂಕಿನ ತಳದಿಂದ ಸ್ವಲ್ಪ ಇಳಿಸಿ ಬಿಳಿ ಪಿಂಗಾಣಿ ತಟ್ಟೆಯಲ್ಲಿ ಹಾಕಿ ಬಿಸಿಲಿಗಿಟ್ಟೆ. ಹರಳೆಣ್ಣೆ ಬೆರೆತಿದ್ದರೆ ಜಿಡ್ಡು ಉಳಿಯಬೇಕು, ಸೀಮೆಎಣ್ಣೆ ಇದ್ದರೆ ಬೇಗ ಆರದೆ ವಾಸನೆ ಉಳಿಯಬೇಕು. ತಟ್ಟೆ ಆರಿತು. ಬೆರಳಿನಿಂದ ಉಜ್ಜಿದರೆ ಏನೂ ಅಂಟಲಿಲ್ಲ.

"ಸೀತಾರಾಮು, ಬಾ, ಮುಟ್ಟಿ ನೋಡು," ಎಂದೆ.

ಅವನು ಮುಟ್ಟಿದ, ಮೂಸಿದ. ಪೆಟ್ಟಿಗೆಯ ಮೇಲಿಂದ ಹುಸೇನ್ ಸಾಬರು, "ಏನ್ಲಾ, ವಿಷ ಸಿಕ್ತಾ?" ಎಂದು ಕೇಳಿದರು. ಅವನು ತಟ್ಟೆಯನ್ನು ಕೆಳಗಿಟ್ಟ.

ಈಗ ಉಳಿದದ್ದು ನನ್ನ ರಿಂಗು. ಆರು ಪ್ಲಗ್ಗುಗಳನ್ನೂ ಬಿಚ್ಚಿದೆ. ಪ್ರತಿಯೊಂದೂ ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗಿತ್ತು. ಎಣ್ಣೆಯಾದ ಪ್ಲಗ್ಗಿನಲ್ಲಿ ಕಿಡಿ ಹಾರುವುದಿಲ್ಲ, ಸ್ಟಾರ್ಟ್ ಆಗದಿರುವುದಕ್ಕೆ ಕಾರಣ ಸಿಕ್ಕಿತು. ಒಳಗೊಳಗೇ ಹಿಗ್ಗಿದೆ. ಗುಂಡಿಯಿದ್ದರೂ ಆ ಬಸ್ಸಿಗೆ ಆಪತ್ತಿಗೆಂದು ಹ್ಯಾಂಡಲ್ಲೂ ಇತ್ತು, ಅದನ್ನು ಸೀತಾರಾಮುವಿನ ಕೈಗೇ ಕೊಟ್ಟು ತಿರುಗಿಸು ಎಂದೆ. ಅವನು ತಿರುಗಿಸಿದಂತೆಲ್ಲ ಒಂದೊಂದೇ ಪ್ಲಗ್ಗಿನ ತೂತಕ್ಕೆ ಹೆಬ್ಬೆರಳು ಒತ್ತಿ ಹಿಡಿದೆ. ರಿಂಗು ಸವೆದಿದ್ದರೆ ಒಳಗಿನ ಗಾಳಿ ಬೆರಳನ್ನು ಸುಮ್ಮನೆ ಸವರುತ್ತದೆ. ಗಟ್ಟಿಯಾಗಿದ್ದರೆ ಬೆರಳನ್ನು ಎತ್ತಿ ಎಸೆಯುತ್ತದೆ.

ಮೊದಲನೆಯದು ಬೆರಳನ್ನು ಎಸೆಯಿತು. ಎರಡನೆಯದೂ ಎಸೆಯಿತು. ಆರಕ್ಕೆ ಆರೂ ಎಸೆದವು.

ನನ್ನ ಮುಖ ಬಿದ್ದುಹೋಗಿರಬೇಕು. ಆದರೆ ಹೊಟ್ಟೆಕಿಚ್ಚಿಗೂ ಒಂದು ಬುದ್ಧಿ ಇರುತ್ತದೆ, ಅದು ಆಗ ಕೆಲಸ ಮಾಡಿತು. ಸಿಲಿಂಡರಿನಲ್ಲಿ ಎಣ್ಣೆ ನಿಂತಿದ್ದರೆ ಆ ಎಣ್ಣೆಯೇ ಸವೆದ ರಿಂಗಿನ ಸಂದು ಮುಚ್ಚಿ ಒತ್ತಡ ಚೆನ್ನಾಗಿದೆ ಎಂದು ಮೋಸ ಮಾಡುವುದುಂಟು. ಇದು ಕೆಲಸದಲ್ಲಿ ನಿಜವಾದ ಮಾತು, ನಾನು ಕಟ್ಟಿಕೊಂಡದ್ದಲ್ಲ. ಆದರೆ ಬೇರೆ ಯಾರ ಗಾಡಿಯಾಗಿದ್ದರೂ ನಾನು ಅಷ್ಟು ಆಸೆಯಿಂದ ಅದನ್ನು ನೆನೆಸಿಕೊಳ್ಳುತ್ತಿರಲಿಲ್ಲ.

"ಇದು ಎಣ್ಣೆ ಮಾಡಿರೋ ಮೋಸ. ಒಣಗಿಸಿ ನೋಡಣ," ಎಂದೆ.

ಪ್ಲಗ್ಗಿಲ್ಲದೆಯೇ ಎಂಜಿನ್ನನ್ನು ಬಹಳ ಹೊತ್ತು ತಿರುಗಿಸಿದ ಸೀತಾರಾಮು. ತೂತುಗಳಿಂದ ಎಣ್ಣೆಯ ತುಂತುರು ಹಾರಿ ಇಬ್ಬರ ಮುಖದ ಮೇಲೂ ಬಿತ್ತು. ಅವನಿಗೆ ನನ್ನ ಮನಸ್ಸು ಗೊತ್ತಾಗಿತ್ತು. ಬೆವರಿಳಿಸಿಕೊಂಡು ತಿರುಗಿಸುತ್ತಲೇ ಹೇಳಿದ: "ರಿಂಗ್ ಹೋಗಿರ್ಲಿ ಅಂತ ಅಲ್ವೇನೋ ನೀನು ಕಾಯ್ತಿರೋದು?"

"ಸುಮ್ನೆ ತಿರುಗ್ಸು," ಎಂದೆ.

ತೂತುಗಳು ಒಣಗಿದ ಮೇಲೆ ಮತ್ತೆ ಹೆಬ್ಬೆರಳು ಇಟ್ಟೆ. ಆರೂ ಮೊದಲಿನಷ್ಟೇ ಗಟ್ಟಿ. ಸೀತಾರಾಮು ಈ ಎಂಜಿನ್ನನ್ನು ತಾಯಿ ಮಗುವನ್ನು ಸಾಕಿದ ಹಾಗೆ ಸಾಕಿಕೊಂಡು ಬಂದಿದ್ದ. ಆ ಸತ್ಯ ನನ್ನ ಬೆರಳಿನ ತುದಿಗೆ ಆರು ಸಲ ತಗುಲಿತು. ನಾನು ಅಷ್ಟು ಚೆನ್ನಾಗಿ ಪಳಗಿಸುತ್ತಿದ್ದೆನೋ ಇಲ್ಲವೋ ಎಂಬ ಅನುಮಾನ ಬಂದು, ಮೊದಲಿದ್ದ ಹೊಟ್ಟೆಕಿಚ್ಚಿನ ಮೇಲೆ ಇನ್ನೊಂದು ಹೊಟ್ಟೆಕಿಚ್ಚು ಕೂತಿತು.

ಸ್ವಲ್ಪ ಹೊತ್ತು ಇಬ್ಬರೂ ಬಸ್ಸಿನ ಮೆಟ್ಟಿಲ ಮೇಲೆ ಕೂತೆವು. ಸಾಬರು ಎದ್ದು ಹೋಗಿ ಮೂರು ಲೋಟ ಕಾಫಿ ತಂದರು. ಸೀತಾರಾಮುವಿಗೂ ಒಂದು ಕೊಟ್ಟರು, ಮುಖ ಮಾತ್ರ ನೋಡಲಿಲ್ಲ.

ಕಾಫಿ ಕುಡಿಯುತ್ತ ನಾನು ಕೇಳಿದೆ: "ಈ ತಿಂಗಳು ಎಂಜಿನ್ನಿಗೆ ಎಷ್ಟು ಎಣ್ಣೆ ಹಾಕ್ದೆ?"

"ಒಂದು ತೊಟ್ಟೂ ಹಾಕಿಲ್ಲ."

ಮೊದಲು ಅದನ್ನು ಜಂಬ ಎಂದುಕೊಂಡೆ. ಅಷ್ಟು ನೀಲಿ ಹೊಗೆ ಕಾರುವ ಬಸ್ಸು ಎಣ್ಣೆ ಕುಡಿಯದೆ ಇರುವುದುಂಟೇ? ಎದ್ದು ಅಳತೆಯ ಕಡ್ಡಿಯನ್ನು ಎಳೆದು ನೋಡಿದೆ. ಎಣ್ಣೆ ಗುರುತಿನವರೆಗೂ ತುಂಬಿತ್ತು. ಎಣ್ಣೆ ಇಡುವ ಸ್ಟೋರಿನ ಬೀಗದ ಕೈ ಇರುತ್ತಿದ್ದುದು ನನ್ನ ಸೊಂಟದಲ್ಲಿ. ಅವನು ಎಂಜಿನ್ನಿಗೆಂದು ಎಣ್ಣೆಯ ಡಬ್ಬ ತೆಗೆದುಕೊಂಡು ಹೋಗಿರಲಿಲ್ಲ ಎಂಬುದು ನನಗೇ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ದಿನ ಅದರ ಬಗ್ಗೆ ಯೋಚಿಸಿರಲಿಲ್ಲ.

ಅಲ್ಲಿಗೆ ನನ್ನ ತಲೆ ಮೊದಲ ಸಲ ನೆಟ್ಟಗೆ ಕೆಲಸ ಮಾಡಿತು. ಎಣ್ಣೆ ಸುಡುತ್ತಿರುವುದು ನಿಜ. ತೊಟ್ಟಿಯ ಎಣ್ಣೆ ಕಡಿಮೆಯಾಗಿಲ್ಲ ಎಂಬುದೂ ನಿಜ. ಹಾಗಾದರೆ ಸುಡುತ್ತಿರುವ ಎಣ್ಣೆ ಬರುತ್ತಿರುವುದು ಎಲ್ಲಿಂದ? ರಿಂಗಿನ ದೋಷವಾಗಿದ್ದರೆ ಒಂದೋ ಎರಡೋ ಪ್ಲಗ್ಗು ಒದ್ದೆಯಾಗಬೇಕಿತ್ತು. ಇಲ್ಲಿ ಆರೂ ಒಂದೇ ಸಮ. ಆರಕ್ಕೂ ಒಟ್ಟಿಗೆ ಹೋಗುವ ದಾರಿ ಒಂದೇ, ಗಾಳಿಯ ದಾರಿ.

"ಲೇ ಸೀತಾರಾಮು, ಈ ಗಾಡೀಲಿ ಇನ್ನೆಲ್ಲಾದ್ರೂ ಎಣ್ಣೆ ಹಾಕ್ತೀಯಾ?"

ಅವನು ಲೋಟ ಕೆಳಗಿಟ್ಟು ಎದ್ದ. "ಏರ್ ಕ್ಲೀನರಿಗೆ," ಎಂದ.

ನಮ್ಮ ಹಳೆಯ ಬಸ್ಸುಗಳಲ್ಲಿ ಆ ವಸ್ತುವೇ ಇರಲಿಲ್ಲ. ಕಾರ್ಬುರೇಟರಿನ ತಲೆಯ ಮೇಲೆ ದಪ್ಪ ಡಬ್ಬದಂತೆ ಕೂತಿದ್ದ ಅದನ್ನು ನಾನು ಆವತ್ತೇ ಹತ್ತಿರದಿಂದ ನೋಡಿದ್ದು. ಅವನು ವಿವರಿಸಿದ. ಹೊರಗಿನ ಗಾಳಿ ನೇರವಾಗಿ ಎಂಜಿನ್ನಿಗೆ ಹೋಗದೆ ಮೊದಲು ಈ ಡಬ್ಬದ ತಳದಲ್ಲಿರುವ ಎಣ್ಣೆಯ ಬಟ್ಟಲನ್ನು ಸವರಿಕೊಂಡು ಹೋಗುತ್ತದೆ. ಧೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ, ಶುದ್ಧ ಗಾಳಿ ಮುಂದೆ ಹೋಗುತ್ತದೆ. ಬಟ್ಟಲಿನ ಒಳಗೆ ಒಂದು ಗೀರಿದೆ, ಎಣ್ಣೆ ಅಲ್ಲಿಯವರೆಗೆ ಮಾತ್ರ ಇರಬೇಕು.

"ಎಣ್ಣೆ ದಪ್ಪ ಆಗ್ತಿತ್ತು ಕಣೋ, ಧೂಳಿಗೆ. ಅದ್ಕೇ ಮದರಾಸಿಂದ ತಂದಿದ್ದ ಡಬ್ಬದಿಂದ ಆವಾಗಾವಾಗ ಒಂಚೂರು ಹೊಸ ಎಣ್ಣೆ ಹಾಕ್ತಿದ್ದೆ."

"ಹಳೇದು ಚೆಲ್ಲಿ ತೊಳೆದು ಹಾಕ್ದಾ, ಅದ್ರ ಮೇಲೇ ಹಾಕ್ದಾ?"

ಅವನು ಸ್ಪ್ಯಾನರ್ ತೆಗೆದುಕೊಂಡು ತಾನೇ ಡಬ್ಬವನ್ನು ಬಿಚ್ಚಿದ. ಬಟ್ಟಲಿನ ಬಾಯಿಯವರೆಗೂ ಕರಿಯ ಎಣ್ಣೆ ತುಳುಕುತ್ತಿತ್ತು. ಒಳಗೆ ಬೆರಳು ಅದ್ದಿದರೆ ತಳದಲ್ಲಿ ಕೆಸರು, ಎರಡು ಬೆರಳು ದಪ್ಪಕ್ಕೆ ಕೂತಿದ್ದ ಶ್ರೀನಿವಾಸಪುರ ರಸ್ತೆಯ ಕೆಮ್ಮಣ್ಣು. ಮದರಾಸಿನ ಟಾರು ರಸ್ತೆಗೆ ತಿಂಗಳುಗಟ್ಟಲೆ ಬಾಳುವ ಎಣ್ಣೆ ನಮ್ಮ ಮಣ್ಣಿಗೆ ಒಂದು ವಾರಕ್ಕೆ ಸಾಲದು. ಸುಗ್ಗಿಯ ಗಾಡಿಗಳು ಆ ರಸ್ತೆಯನ್ನು ಹಿಟ್ಟಿನಂತೆ ಬೀಸಿ ಇಟ್ಟಿದ್ದ ಕಾಲ ಅದು. ತಳದಲ್ಲಿ ಮಣ್ಣು ಕೂತಷ್ಟೂ ಎಣ್ಣೆ ಮೇಲೇರಿತು. ಮೇಲಿಂದ ಇವನು ಇನ್ನಷ್ಟು ಸುರಿದ. ಎಂಜಿನ್ ಗಾಳಿಯ ಜೊತೆ ಎಣ್ಣೆಯನ್ನೂ ಹೀರಿತು, ಹೊಗೆ ನೀಲಿಯಾಯಿತು. ಚಳಿಗೆ ಎಣ್ಣೆ ಗಟ್ಟಿಯಾಗಿ ಗಾಳಿಯ ದಾರಿ ಕಟ್ಟಿಕೊಂಡಿತು, ಹೊಗೆಗೆ ಕಪ್ಪು ಸೇರಿತು, ಬೆಳಿಗ್ಗೆ ಸ್ಟಾರ್ಟ್ ಆಗುವುದು ನಿಂತಿತು.

ಪ್ಲಗ್ಗುಗಳನ್ನು ಒರೆಸಿ ಒಣಗಿಸಿ ಹಾಕಿದೆವು. ಬ್ಯಾಟರಿಯಲ್ಲಿ ಶಕ್ತಿ ಉಳಿದಿರಲಿಲ್ಲ. ಏರ್ ಕ್ಲೀನರನ್ನು ಹೊರಗಿಟ್ಟೇ ಹ್ಯಾಂಡಲ್ ಹೊಡೆದೆ. ಎರಡನೆಯ ಏಟಿಗೆ ಎಂಜಿನ್ ಎದ್ದಿತು. ಮೊದಲು ನೀಲಿ ಹೊಗೆ ಗುಪ್ಪೆಂದು ಬಂತು. ಒಳಗೆ ಉಳಿದಿದ್ದ ಎಣ್ಣೆ ಸುಟ್ಟುಹೋದಂತೆ ತೆಳುವಾಗುತ್ತ ಬಂದು, ಕೊನೆಗೆ ಸೈಲೆನ್ಸರಿನ ಹಿಂದಿನ ಗೋಡೆ ಸ್ಪಷ್ಟವಾಗಿ ಕಾಣಿಸಿತು. ಕ್ಲೀನರನ್ನು ಪೆಟ್ರೋಲಿನಲ್ಲಿ ತೊಳೆದು, ಗೀರಿನವರೆಗೆ ಮಾತ್ರ ಎಣ್ಣೆ ಹಾಕಿ ಕೂರಿಸಿದೆವು. ಹೊಗೆ ಬರಲಿಲ್ಲ. ಮೂವರೂ ಆ ಗೋಡೆಯನ್ನೇ ನೋಡುತ್ತ ನಿಂತಿದ್ದೆವು.

ಸೀತಾರಾಮು ಎಂಜಿನ್ ನಿಲ್ಲಿಸಿ ಬಂದು ಹುಸೇನ್ ಸಾಬರ ಮುಂದೆ ನಿಂತ. ಅವನ ಮುಖದ ಮೇಲೆ ಎಣ್ಣೆಯ ಚುಕ್ಕೆಗಳು ಹಾಗೇ ಇದ್ದವು.

"ಸಾಬ್ರೇ, ತಪ್ಪಾಯ್ತು. ನಾನು ನಿಮ್ ಹೆಸ್ರು ಹೇಳ್ಬಾರ್ದಾಗಿತ್ತು."

"ಆಯ್ತು ಬಿಡು," ಎಂದರು ಸಾಬರು.

"ನೀವೇ ಓಡ್ಸಿ. ಮುಳಬಾಗ್ಲು ಲೈನಿಗೆ ನಾನು ಹೋಗ್ತೀನಿ. ಯಜಮಾನ್ರಿಗೆ ನಾನೇ ಹೇಳ್ತೀನಿ."

ಸಾಬರು ಬಸ್ಸಿನ ಕಡೆ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ಒಪ್ಪಿಕೊಳ್ಳುತ್ತಾರೆಂದೇ ನಾನು ತಿಳಿದೆ.

"ಬೇಡ. ತಪ್ಪಾಯ್ತು ಅಂದೆ, ನಿನ್ ಲೆಕ್ಕ ಮುಗೀತು. ಆದ್ರೆ ಈ ಸೀಟ್ ಮೇಲೆ ಕೂತಾಗೆಲ್ಲ ನಾನು ವಿಷ ಹಾಕ್ದೆ ಅಂದಿದ್ದು ನೆನಪಾಗ್ತದೆ. ಆ ಹಳೇದು ನನ್ ಮೇಲೆ ಯಾವತ್ತೂ ಅನುಮಾನ ಪಟ್ಟಿಲ್ಲ." ಇಷ್ಟು ಹೇಳಿ ಹೊರಟರು. ಕೆಲಸ ಬಿಡುವವರೆಗೂ ಅವರು ಆ ಹೊಸ ಬಸ್ಸನ್ನು ಓಡಿಸಲಿಲ್ಲ. ಯಜಮಾನರು ಮನೆಗೇ ಹೋಗಿ ಕರೆದ ಮೇಲೆ ಮುಳಬಾಗಿಲಿನ ಲೈನಿಗೆ ಮಾತ್ರ ಹಿಂತಿರುಗಿದರು.

ಸಂಜೆ ಯಜಮಾನರು ಬರುವ ಮೊದಲು ಶೆಡ್ಡಿನಲ್ಲಿ ನಾವಿಬ್ಬರೇ ಇದ್ದೆವು. ಸೀತಾರಾಮು ಕೈ ತೊಳೆಯುತ್ತ, ನನ್ನ ಕಡೆ ನೋಡದೆ ಮಾತಾಡಿದ.

"ಗಾಡಿ ಕೆಟ್ಟ ದಿನಾನೇ ನಿನ್ನ ಕೇಳ್ಬೇಕಿತ್ತು. ಕೇಳಕ್ಕಾಗ್ಲಿಲ್ಲ. ಈ ಊರಲ್ಲಿ ಎಲ್ಲಿ ಗಾಡಿ ನಿಂತ್ರೂ ಜನ 'ನಂಜುಂಡಪ್ಪನ್ನ ಕರೀರಿ' ಅಂತಾರೆ. ನಿಮ್ಮ ಮಾವನೋರು ಕೂಡ ನನ್ನ ಬಸ್ಸಲ್ಲಿ ಕೂತ್ಕೊಂಡು ನಿನ್ನ ಹೊಗಳ್ತಿದ್ರು. ಬೆಳಿಗ್ಗೆ ನೀನು ಒಂದೇ ಏಟಿಗೆ ಆ ಡಬ್ಬಾ ಬಸ್ ಸ್ಟಾರ್ಟ್ ಮಾಡ್ತಿದ್ದಾಗ ನಂಗೆ ಮೈಯೆಲ್ಲ ಉರೀತಿತ್ತು ಕಣೋ."

ನಾನು ನಕ್ಕುಬಿಡಬೇಕಿತ್ತು, ನಗಲಿಲ್ಲ. ಅವನು ನನ್ನನ್ನು ಕಂಡು ಉರಿಯುತ್ತಿದ್ದ ಎಂದು ತಿಳಿದಾಗ ನನಗೆ ಆದದ್ದು ಕನಿಕರವಲ್ಲ, ಒಂದು ಬಗೆಯ ತೃಪ್ತಿ. ಮಾವನವರ ಮಾತು ಕೇಳಿ ಆ ತೃಪ್ತಿ ಇನ್ನೂ ಹೆಚ್ಚಾಯಿತು.

ಯಜಮಾನರು ಬಂದರು. "ಏಮಯ್ಯಾ, ಯಾರ ತಪ್ಪು?" ಎಂದು ನನ್ನನ್ನೇ ಕೇಳಿದರು.

ಬಸ್ಸು ನನ್ನದಾಗಲು ಒಂದೇ ಮಾತು ಸಾಕಾಗಿತ್ತು. ಅದರಲ್ಲಿ ಸುಳ್ಳೂ ಇರುತ್ತಿರಲಿಲ್ಲ. ಎಣ್ಣೆ ಸುರಿದವನು ಸೀತಾರಾಮುವೇ. ಆದರೆ ಹೆಬ್ಬೆರಳಿಗೆ ತಗುಲಿದ ಆ ಆರು ಏಟುಗಳೂ ಸುಳ್ಳಲ್ಲ.

"ಎಂಜಿನ್ನನ್ನ ಇವನಿಗಿಂತ ಚೆನ್ನಾಗಿ ಯಾರೂ ಪಳಗಿಸ್ತಿರ್ಲಿಲ್ಲ ಯಜಮಾನ್ರೇ," ಎಂದೆ. "ನಮ್ಮೂರ ಧೂಳು ಇವನಿಗೆ ಗೊತ್ತಿರ್ಲಿಲ್ಲ, ಅಷ್ಟೇ. ಆ ಡಬ್ಬಾನ ವಾರಕ್ಕೊಂದ್ಸಲ ತೊಳೀಬೇಕು. ಸಾಬ್ರದ್ದು ಏನೂ ತಪ್ಪಿಲ್ಲ."

"ಹಂಗಾದ್ರೆ ಗಾಡಿ ಸೀತಾರಾಮು ಹತ್ರಾನೇ ಇರ್ಲಿ," ಎಂದರು ಯಜಮಾನರು, ನನ್ನ ಬೆನ್ನು ತಟ್ಟಿ. ಆ ಬೆನ್ನು ತಟ್ಟಿದ್ದು ಇಂದಿಗೂ ನೋಯುತ್ತದೆ. ನ್ಯಾಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಅವನು ಗುಂಡಿ ಒತ್ತಿದ ಕೂಡಲೇ ಎಂಜಿನ್ ಎದ್ದಾಗ, ಅದನ್ನು ಸರಿಮಾಡಿದವನು ನಾನೇ ಆಗಿದ್ದರೂ, ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಬಾನೆಟ್ಟಿನ ಬೀಗವನ್ನು ಮಾತ್ರ ಅವನು ಅಂದಿನಿಂದ ಹಾಕಲಿಲ್ಲ. ವಾರಕ್ಕೊಮ್ಮೆ ಏರ್ ಕ್ಲೀನರ್ ತೊಳೆಯುವಾಗ ನನ್ನನ್ನು ಕೂಗುತ್ತಿದ್ದ. ಹೋಗಿ ಬಟ್ಟಲು ಹಿಡಿದುಕೊಳ್ಳುತ್ತಿದ್ದೆ.

ಮರುವರ್ಷ ಯುದ್ಧ ಶುರುವಾಯಿತು. ಸೀತಾರಾಮು ಸೈನ್ಯದ ಮೋಟಾರು ವರ್ಕ್‌ಷಾಪಿಗೆ ಸೇರಿ ಉತ್ತರದ ಕಡೆ ಹೋದ. ಪೆಟ್ರೋಲ್ ಸಿಗದಂತಾದಾಗ ಬಸ್ಸುಗಳ ಹಿಂದೆ ಇದ್ದಿಲಿನ ಗ್ಯಾಸ್ ಮಾಡುವ ದೊಡ್ಡ ಪೀಪಾಯಿಗಳನ್ನು ಕಟ್ಟಿದೆವು. ಆ ಬಸ್ಸು ನನ್ನ ಕೈಗೆ ಬಂದದ್ದು ಆಗ. ಬಣ್ಣ ಮಸಿಯಾಗಿತ್ತು, ಗುಂಡಿ ಕೆಟ್ಟಿತ್ತು, ಸೀಟುಗಳಿಂದ ತೆಂಗಿನ ನಾರು ಹೊರಗೆ ಬಂದಿತ್ತು. ಬೆಳಿಗ್ಗೆ ಅದಕ್ಕೆ ಇದ್ದಿಲು ತುಂಬಿ, ಬೀಸಣಿಗೆ ತಿರುಗಿಸಿ, ಹ್ಯಾಂಡಲ್ ಹೊಡೆದು ಎಬ್ಬಿಸುತ್ತಿದ್ದೆ. ಅದನ್ನು ನೋಡಿ ಹೊಟ್ಟೆಕಿಚ್ಚು ಪಡುವವರು ಆಗ ಯಾರೂ ಇರಲಿಲ್ಲ. ಕಮಲಮ್ಮ ಕೂಡ ತವರಿಗೆ ಹೋಗಲು ಎತ್ತಿನ ಗಾಡಿಯೇ ಮೇಲು ಎನ್ನುತ್ತಿದ್ದಳು.

ಆಮೇಲೆ ನಾನು ಬಹಳ ವರ್ಷ ಕೆಲಸ ಮಾಡಿದೆ, ಬಹಳ ಜನರಿಗೆ ಕೆಲಸ ಕಲಿಸಿದೆ. ಹೊಗೆಯ ಬಣ್ಣ, ಪ್ಲಗ್ಗಿನ ಒದ್ದೆ, ಒತ್ತಡದ ಪರೀಕ್ಷೆ ಇವೆಲ್ಲ ಪುಸ್ತಕದಲ್ಲೂ ಇವೆ. ಪುಸ್ತಕದಲ್ಲಿ ಇಲ್ಲದ್ದನ್ನು ನನಗೆ ಆ ಭಾನುವಾರ ಕಲಿಸಿತು. ಸೀತಾರಾಮು ಬುದ್ಧಿವಂತ, ಆದರೂ ಕಣ್ಣೆದುರಿನ ಬಟ್ಟಲು ಅವನಿಗೆ ಕಾಣಲಿಲ್ಲ, ಏಕೆಂದರೆ ಅವನು ಸಾಬರನ್ನು ನೋಡುತ್ತಿದ್ದ. ನನ್ನ ಸೊಂಟದ ಬೀಗದ ಕೈ ಹೇಳುತ್ತಿದ್ದ ಸಾಕ್ಷಿ ನನಗೆ ಕೇಳಿಸಲಿಲ್ಲ, ಏಕೆಂದರೆ ನಾನು ಸೀತಾರಾಮುವನ್ನು ನೋಡುತ್ತಿದ್ದೆ. ಎಂಜಿನ್ನನ್ನು ಯಾರೂ ನೋಡುತ್ತಿರಲಿಲ್ಲ. ಹೊಟ್ಟೆಕಿಚ್ಚು ಬಾರದ ಹಾಗೆ ಬದುಕಲು ನನಗಂತೂ ಆಗಲಿಲ್ಲ. ಅದು ಬಂದಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಂಡು ಕೆಲಸ ಮಾಡುವುದನ್ನು ಮಾತ್ರ ಕಲಿತೆ. ಅದಕ್ಕೇ, ಕೈಕೆಳಗಿನ ಮೆಕ್ಯಾನಿಕ್ ಯಾರಾದರೂ ಕೆಟ್ಟ ಗಾಡಿಯ ಮುಂದೆ ನಿಂತು ಸ್ಪ್ಯಾನರ್ ಎತ್ತಿಕೊಂಡರೆ, ನಾನು ಮೊದಲು ಕೇಳುತ್ತಿದ್ದುದು ಗಾಡಿಯ ವಿಷಯವನ್ನಲ್ಲ.

"ಇದು ಯಾರ ತಪ್ಪಾಗಿರ್ಲಿ ಅಂತ ನಿನಗೆ ಆಸೆ? ಅದನ್ನ ಮೊದ್ಲು ಹೇಳು. ಆಮೇಲೆ ಬಾನೆಟ್ ಎತ್ತು."